ಮೂರು ರಾಜ್ಯಕ್ಕೆ ಸೆನೆಟರ್ ಆದವ್ನೂ ಲಿಂಕನ್ ಮೇಲೆ ಕತ್ತಿ ಹಿಡ್ಕೊಂಡು ಹೋದವ್ನೂ ಒಬ್ನೇನಾ?

ಪ್ರಶ್ನೆಪೆಟ್ಟಿಗೆ

ಎಲ್ರಿಗೂ ನಮಸ್ಕಾರ. ಮೊನ್ನೆ ಫ್ರೆಂಡ್ಸೆಲ್ಲ ಸೇರಿ ಆನ್‌ಲೈನ್ ಕ್ವಿಜ್ ಆಡ್ತಿದ್ವಿ, ಅಮೆರಿಕದಲ್ಲಿ ಮೂರು ಬೇರೆ ಬೇರೆ ರಾಜ್ಯದಿಂದ ಸೆನೆಟರ್ ಆದ ಒಬ್ಬನೇ ವ್ಯಕ್ತಿ ಯಾರು ಅಂತ ಪ್ರಶ್ನೆ ಬಂತು. ಯಾವ್ದೋ ದೊಡ್ಡ ಮನೆತನದವ್ನೇ ಇರ್ಬೇಕು ಅಂದ್ಕೊಂಡು ಬಾಯಿಗೆ ಬಂದ ಹೆಸರು ಹೇಳ್ದೆ, ತಪ್ಪಾಯ್ತು. ಉತ್ತರ ಜೇಮ್ಸ್ ಶೀಲ್ಡ್ಸ್ ಅಂತೆ. ಜನ್ಮದಲ್ಲಿ ಕೇಳಿರದ ಹೆಸರು.

ಆಮೇಲೆ ಸ್ವಲ್ಪ ಹುಡುಕಿದ್ರೆ ತಲೆ ಇನ್ನೂ ಕೆಟ್ಟೋಯ್ತು. ಈ ಮನುಷ್ಯ ಅಮೆರಿಕದಲ್ಲಿ ಹುಟ್ಟಿದವ್ನೇ ಅಲ್ಲ, ಐರ್ಲೆಂಡಿಂದ ಬಂದವ್ನು, ಅದೂ ಸಾಲ್ದು ಅಂತ ಅಬ್ರಹಾಂ ಲಿಂಕನ್‌ಗೇ ದ್ವಂದ್ವಯುದ್ಧಕ್ಕೆ ಸವಾಲು ಹಾಕಿದ್ನಂತೆ, ಕತ್ತಿ ಹಿಡ್ಕೊಂಡು ಇಬ್ರೂ ನದಿ ದಾಟಿ ಹೋಗಿದ್ರಂತೆ. ಇದು ನಿಜಾನಾ ಅಥವಾ ಇಂಟರ್ನೆಟ್ಟಲ್ಲಿ ಯಾರೋ ಉಪ್ಪು ಖಾರ ಹಚ್ಚಿದ್ದಾ?

ಇನ್ನೊಂದು ವಿಷ್ಯ ಅರ್ಥ ಆಗ್ತಿಲ್ಲ. ಒಂದು ರಾಜ್ಯದಲ್ಲಿ ಗೆಲ್ಲೋದೇ ಕಷ್ಟ, ಅಂಥದ್ರಲ್ಲಿ ಹೊರಗಿಂದ ಬಂದವ್ನೊಬ್ಬ ಮೂರು ಕಡೆ ಹೇಗೆ ಗೆದ್ದ? ಅಷ್ಟು ಜನಪ್ರಿಯ ಆಗಿದ್ರೆ ಒಂದೇ ಕಡೆ ಯಾಕೆ ಉಳೀಲಿಲ್ಲ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ, ಉದ್ದ ಆದ್ರೂ ಪರ್ವಾಗಿಲ್ಲ.

ಹಳೇಪೇಪರ್

ನಿಜಾನೇ ಸ್ವಾಮಿ. ಉಪ್ಪು ಖಾರ ಹಚ್ಚೋ ಅಗತ್ಯನೇ ಇಲ್ಲ, ಇವ್ನ ಕಥೆ ಇದ್ದಹಾಗೇ ಸಿನಿಮಾ.

ಶೀಲ್ಡ್ಸ್ ಹುಟ್ಟಿದ್ದು 1806ರಲ್ಲಿ, ಐರ್ಲೆಂಡಿನ ಟೈರೋನ್ ಕೌಂಟಿಯ ಆಲ್ಟ್‌ಮೋರ್ ಅನ್ನೋ ಕಡೆ. ಇಪ್ಪತ್ತರ ಆಸುಪಾಸಲ್ಲಿ ಅಮೆರಿಕಕ್ಕೆ ಬಂದು ಆಮೇಲೆ ಇಲಿನಾಯ್‌ನ ಕಾಸ್ಕಾಸ್ಕಿಯಾದಲ್ಲಿ ನೆಲೆ ನಿಂತ, ಅದು ಆ ರಾಜ್ಯದ ಮೊದಲ ರಾಜಧಾನಿ. ಅಲ್ಲಿ ಮೇಷ್ಟ್ರಾಗಿ ಪಾಠ ಹೇಳ್ಕೊಂಡು ಲಾಯರ್ ಕೆಲ್ಸನೂ ಮಾಡ್ಕೊಂಡಿದ್ದ. 1836ಕ್ಕೆ ರಾಜ್ಯದ ಶಾಸನಸಭೆ ಸೇರ್ದ, ಲಿಂಕನ್ ಕೂಡ ಅದೇ ಸಭೇಲಿ ಕೂತಿದ್ದ. ಇವ್ನು ಡೆಮಾಕ್ರಾಟ್, ಅವ್ನು ಎದುರಾಳಿ ವಿಗ್ ಪಕ್ಷದವ್ನು. ಆಮೇಲೆ ಶೀಲ್ಡ್ಸ್ ರಾಜ್ಯದ ಆಡಿಟರ್ ಆದ, ಅಂದ್ರೆ ಖಜಾನೆ ಲೆಕ್ಕ ನೋಡೋ ದೊಡ್ಡ ಹುದ್ದೆ. ಜಗಳ ಶುರುವಾಗಿದ್ದೇ ಇಲ್ಲಿಂದ.

1842ರಲ್ಲಿ ಇಲಿನಾಯ್ ಸ್ಟೇಟ್ ಬ್ಯಾಂಕ್ ಮುಳುಗ್ತು. ಆಗ ಬ್ಯಾಂಕುಗಳೇ ನೋಟು ಅಚ್ಚು ಹಾಕ್ತಿದ್ವು, ಆ ನೋಟುಗಳ ಬೆಲೆ ಪಾತಾಳಕ್ಕೆ ಹೋಯ್ತು. ಆಗ ಶೀಲ್ಡ್ಸ್ ಒಂದು ಆದೇಶ ಹೊರಡಿಸ್ದ, ತೆರಿಗೆ ಕಟ್ಟೋಕೆ ಈ ಬ್ಯಾಂಕಿನ ನೋಟು ನಡೆಯಲ್ಲ, ಬೆಳ್ಳಿ ಬಂಗಾರದ ನಾಣ್ಯಾನೇ ತನ್ನಿ ಅಂತ. ಸರ್ಕಾರದ ಲೆಕ್ಕದಲ್ಲಿ ನೋಡಿದ್ರೆ ಸರಿನೇ ಇರ್ಬಹುದು, ಆದ್ರೆ ಹೊಲದಲ್ಲಿ ದುಡಿದು ಅದೇ ನೋಟನ್ನ ಕಷ್ಟಪಟ್ಟು ಕೂಡಿಟ್ಟ ರೈತ ಏನ್ ಮಾಡ್ಬೇಕು? ಲಿಂಕನ್‌ಗೆ ಸಿಕ್ಕ ಎಳೆ ಇದೇ. ಸ್ಪ್ರಿಂಗ್‌ಫೀಲ್ಡಿನ ಸಂಗಮೋ ಜರ್ನಲ್ ಪತ್ರಿಕೆಗೆ ರೆಬೆಕ್ಕಾ ಅನ್ನೋ ಹಳ್ಳಿ ಹೆಂಗಸಿನ ಹೆಸರಲ್ಲಿ, ಹಳ್ಳಿ ಭಾಷೇಲೇ ಒಂದು ಪತ್ರ ಬರ್ದ. ಅದ್ರಲ್ಲಿ ತೆರಿಗೆ ವಿಷ್ಯ ಅರ್ಧ, ಶೀಲ್ಡ್ಸ್‌ನ ಕಾಲೆಳೆಯೋದು ಅರ್ಧ. ಶೀಲ್ಡ್ಸ್ ಬ್ರಹ್ಮಚಾರಿ, ತಾನು ಭಾರಿ ಸುಂದರಾಂಗ ಅನ್ನೋ ಭಾವನೆ ಬೇರೆ, ಹಾಗಾಗಿ ಪತ್ರದಲ್ಲಿ ಅವ್ನು ಹೆಂಗಸರ ಗುಂಪಿನ ಮಧ್ಯೆ ನಿಂತು ನಿಮ್ಮನ್ನೆಲ್ಲ ನಾನೊಬ್ನೇ ಮದ್ವೆ ಆಗಕ್ಕಾಗಲ್ವಲ್ಲಾ, ಇಷ್ಟು ಚೆನ್ನಾಗಿರೋದು ನನ್ನ ತಪ್ಪಾ ಅಂತ ಗೋಳಾಡೋ ಹಾಗೆ ಚಿತ್ರಿಸಿದ್ದ. ಇಡೀ ಊರು ಬಿದ್ದು ಬಿದ್ದು ನಕ್ತು.

ಅಷ್ಟಕ್ಕೇ ನಿಂತಿದ್ರೆ ಏನೋ. ಮೇರಿ ಟಾಡ್, ಅಂದ್ರೆ ಮುಂದೆ ಲಿಂಕನ್ ಹೆಂಡ್ತಿ ಆದವ್ಳು, ಅವ್ಳೂ ಅವ್ಳ ಗೆಳತಿ ಜೂಲಿಯಾ ಜೇನ್‌ ಕೂಡ ಸೇರ್ಕೊಂಡು ಅದೇ ರೆಬೆಕ್ಕಾ ಹೆಸರಲ್ಲಿ ಇನ್ನೊಂದು ಪತ್ರ ಬಿಟ್ರು, ಅದ್ರಲ್ಲಿ ರೆಬೆಕ್ಕಾ ಶೀಲ್ಡ್ಸ್‌ನ ಕೋಪ ಇಳಿಸೋಕೆ ಅವ್ನನ್ನ ಮದ್ವೆ ಆಗೋಕೂ ರೆಡಿ. ಶೀಲ್ಡ್ಸ್ ಉರಿದುಬಿದ್ದು ಸಂಪಾದಕನ ಹತ್ರ ಹೋಗಿ ಬರೆದವ್ರು ಯಾರು ಅಂತ ಕೇಳ್ದ. ಲಿಂಕನ್ ಹುಡ್ಗೀರ ಹೆಸರು ಹೊರಗೆ ಬರೋಕೆ ಬಿಡ್ಲಿಲ್ಲ, ನಂದೇ ಅಂತ ಹೇಳಿ ಅಂದ. ಕ್ಷಮೆ ಕೇಳು ಅಂತ ಇವ್ನು, ಕೇಳೋ ಧಾಟಿ ಸರಿಯಿಲ್ಲ ಅಂತ ಅವ್ನು, ಕೊನೆಗೆ ಸವಾಲೇ ಬಂತು.

ಸವಾಲು ಹಾಕಿಸ್ಕೊಂಡವ್ನಿಗೆ ಆಯುಧ ಆರಿಸೋ ಹಕ್ಕು. ಶೀಲ್ಡ್ಸ್ ಒಳ್ಳೆ ಗುರಿಕಾರ, ಪಿಸ್ತೂಲು ಅಂದ್ರೆ ತನ್ನ ಕಥೆ ಮುಗೀತು ಅಂತ ಲಿಂಕನ್‌ಗೆ ಗೊತ್ತಿತ್ತು. ಹಾಗಾಗಿ ಅವ್ನು ಆರಿಸಿದ್ದು ಅಶ್ವದಳದವ್ರ ದೊಡ್ಡ ಅಗಲದ ಕತ್ತಿ. ಷರತ್ತು ಕೇಳಿ, ಹತ್ತು ಅಡಿ ಉದ್ದದ ಹಲಗೇನ ಇಬ್ರ ಮಧ್ಯೆ ನೆಲದ ಮೇಲೆ ಅಂಚಿಗೆ ನಿಲ್ಸ್‌ಬೇಕು, ಅದನ್ನ ದಾಟಿದವ್ನ ಜೀವಕ್ಕೆ ಖಾತ್ರಿ ಇಲ್ಲ, ಹಿಂದೆ ಕತ್ತಿಯ ಉದ್ದದ ಮೇಲೆ ಇನ್ನೂ ಮೂರಡಿ ಬಿಟ್ಟು ಒಂದು ಗೆರೆ, ಆ ಗೆರೆಗಿಂತ ಹಿಂದೆ ಹೋದ್ರೆ ಸೋತಂಗೆ. ಲಿಂಕನ್ ಎತ್ತರ ಆರಡಿ ನಾಲ್ಕಿಂಚು, ಶೀಲ್ಡ್ಸ್ ಐದಡಿ ಒಂಬತ್ತು. ತೋಳಿನ ಉದ್ದ ಲೆಕ್ಕ ಹಾಕಿ, ಶೀಲ್ಡ್ಸ್ ಎಷ್ಟು ಬೀಸಿದ್ರೂ ಗಾಳಿಗೇ ಏಟು. ಲಾಯರ್ ಬುದ್ಧಿ ಅಂದ್ರೆ ಇದು!

ಇಲಿನಾಯ್‌ನಲ್ಲಿ ದ್ವಂದ್ವಯುದ್ಧ ಕಾನೂನುಬಾಹಿರ, ಅದಕ್ಕೆ 1842ರ ಸೆಪ್ಟೆಂಬರ್ 22ಕ್ಕೆ ಆಲ್ಟನ್ ಊರಿಂದ ದೋಣಿ ಹತ್ತಿ ಮಿಸಿಸಿಪಿ ನದಿ ಮಧ್ಯದ ದ್ವೀಪಕ್ಕೆ ಹೋದ್ರು, ಅದು ಮಿಸ್ಸೌರಿ ಸರಹದ್ದು. ಲಿಂಕನ್ ಕೂತಲ್ಲಿಂದ ಎದ್ದು ಕತ್ತಿ ಎತ್ತಿ ತಲೆ ಮೇಲಿನ ಮರದ ರೆಂಬೆ ಒಂದನ್ನ ಸುಮ್ನೆ ಕತ್ತರಿಸ್ದ ಅಂತ ಅಲ್ಲಿದ್ದವ್ರು ಆಮೇಲೆ ಹೇಳಿದ್ದಾರೆ, ಅದನ್ನ ನೋಡಿದ ಮೇಲೆ ಯಾರಿಗಾದ್ರೂ ಲೆಕ್ಕ ಅರ್ಥ ಆಗಿರುತ್ತೆ. ಅಷ್ಟ್ರಲ್ಲಿ ಜಾನ್ ಹಾರ್ಡಿನ್ ಅನ್ನೋ ಇಬ್ರಿಗೂ ಬೇಕಾದವ್ನು ಇನ್ನೊಬ್ರನ್ನ ಜೊತೆಗೆ ಕರ್ಕೊಂಡು ಓಡಿಬಂದು ರಾಜಿ ಮಾಡಿಸ್ದ. ಒಂದು ಹನಿ ರಕ್ತನೂ ಬೀಳ್ಲಿಲ್ಲ. ತಮಾಷೆ ಏನಂದ್ರೆ ಶೀಲ್ಡ್ಸ್ ಸಿಟ್ಟು ಅಷ್ಟಕ್ಕೇ ಇಳೀಲಿಲ್ಲ, ಊರಿಗೆ ಬಂದು ಲಿಂಕನ್ ಸ್ನೇಹಿತ ವಿಲಿಯಂ ಬಟ್ಲರ್‌ಗೂ ಸವಾಲು ಹಾಕ್ದ, ಇತ್ತ ಇಬ್ರ ಕಡೆಯ ಮಧ್ಯಸ್ಥರೂ ತಮ್ಮತಮ್ಮಲ್ಲೇ ಕಿತ್ತಾಡ್ಕೊಂಡು ಇನ್ನೊಂದು ದ್ವಂದ್ವಕ್ಕೆ ತಯಾರಾಗಿದ್ರು. ಅದ್ಯಾವ್ದೂ ನಡೀಲಿಲ್ಲ ಬಿಡಿ.

ಒಂದೂವರೆ ತಿಂಗಳಿಗೆ, ನವೆಂಬರ್ 4ಕ್ಕೆ, ಲಿಂಕನ್ ಮತ್ತೆ ಮೇರಿ ಮದ್ವೆ ಆಯ್ತು. ಮಧ್ಯೆ ಮುರಿದು ಬಿದ್ದಿದ್ದ ಸಂಬಂಧ ಅದು, ಮತ್ತೆ ಕೂಡ್ಕೊಂಡಿದ್ದ ಆ ದಿನಗಳಲ್ಲೇ ಈ ಪತ್ರದ ರಾದ್ಧಾಂತನೂ ನಡೆದಿದ್ದು. ಲಿಂಕನ್‌ಗೆ ಮಾತ್ರ ಇಡೀ ಪ್ರಸಂಗ ಜೀವಮಾನ ಪೂರ್ತಿ ನಾಚಿಕೆ, ಅಧ್ಯಕ್ಷ ಆದ್ಮೇಲೂ ಯಾರಾದ್ರೂ ಎತ್ತಿದ್ರೆ ಮುಖ ಸಿಂಡರಿಸ್ತಿದ್ದ.

ಸೆನೆಟ್ ವಿಷ್ಯ ಬೇರೆಯವ್ರು ಹೇಳ್ಲಿ, ನನ್ನ ಬೆರಳು ನೋಯ್ತಿದೆ.

ನಿಯಮಪಾಲಕ

ಹಳೇಪೇಪರ್ ಅವ್ರೆ ಸೂಪರ್. ಸೆನೆಟ್ ಭಾಗ ನಾನು ಹೇಳ್ತೀನಿ, ಯಾಕಂದ್ರೆ ನಂಗೆ ಕತ್ತಿಗಿಂತ ಈ ಕಾನೂನಿನ ತರ್ಲೆನೇ ಇಷ್ಟ.

ಮೊದ್ಲು ಒಂದು ವಿಷ್ಯ ತಲೇಲಿ ಇಟ್ಕೊಳ್ಳಿ. ಆ ಕಾಲದಲ್ಲಿ ಸೆನೆಟರ್‌ನ ಜನ ಆರಿಸ್ತಿರ್ಲಿಲ್ಲ, ರಾಜ್ಯದ ಶಾಸಕರು ಆರಿಸ್ತಿದ್ರು, ನಮ್ಮ ರಾಜ್ಯಸಭೆ ತರ ಅಂದ್ಕೊಳ್ಳಿ. ಜನರ ನೇರ ವೋಟು ಬಂದಿದ್ದು 1913ರಲ್ಲಿ, 17ನೇ ತಿದ್ದುಪಡಿ ಆದ್ಮೇಲೆ. ಹಾಗಾಗಿ ಮೂರು ಕಡೆ ಗೆದ್ದ ಅಂದ್ರೆ ಮೂರು ಕಡೆ ಬೀದಿ ಬೀದಿ ಸುತ್ತಿ ವೋಟು ಕೇಳಿದ ಅಂತ ಅಲ್ಲ, ಮೂರು ಶಾಸನಸಭೆಗಳಲ್ಲಿ ಪಕ್ಷದವ್ರ ಬೆಂಬಲ ಗಿಟ್ಟಿಸ್ಕೊಂಡ ಅಂತ.

ಬೆಂಬಲ ಬಂದಿದ್ದು ಮೆಕ್ಸಿಕೋ ಯುದ್ಧದಿಂದ. ಅದಕ್ಕೂ ಮುಂಚೆ ಇಲಿನಾಯ್ ಸುಪ್ರೀಂ ಕೋರ್ಟಲ್ಲಿ ಜಡ್ಜ್ ಆಗಿದ್ದ, ಅಲ್ಲಿನ ದೊಡ್ಡ ಡೆಮಾಕ್ರಾಟ್ ನಾಯಕ ಸ್ಟೀಫನ್ ಡಗ್ಲಸ್ ಬಿಟ್ಟ ಜಾಗ ಅದು, ಆಮೇಲೆ ವಾಷಿಂಗ್ಟನ್‌ನಲ್ಲಿ ಸರ್ಕಾರಿ ಭೂಮಿ ಹಂಚೋ ಕಚೇರಿಯ ಮುಖ್ಯಸ್ಥ. 1846ರಲ್ಲಿ ಅದನ್ನೆಲ್ಲ ಬಿಟ್ಟು ಬ್ರಿಗೇಡಿಯರ್ ಜನರಲ್ ಆಗಿ ಹೊರಟ. 1847ರ ಏಪ್ರಿಲ್‌ನಲ್ಲಿ ಸೆರ್ರೋ ಗೋರ್ಡೋ ಕದನದಲ್ಲಿ ಎದೆಗೆ ಗುಂಡು ಹೊಕ್ಕು ಶ್ವಾಸಕೋಶ ಸೀಳ್ಕೊಂಡು ಬೆನ್ನಿಂದ ಹೊರಗೆ ಬಂತು. ಸತ್ತ ಅಂತಾನೇ ಸುದ್ದಿ ಹೋಗಿತ್ತು. ಸಾಯ್ಲಿಲ್ಲ, ಆಗಸ್ಟ್‌ಗೆಲ್ಲ ಮತ್ತೆ ಚುರುಬುಸ್ಕೋ ಕದನದಲ್ಲಿ ಹಾಜರ್, ಸೆಪ್ಟೆಂಬರ್‌ನಲ್ಲಿ ಚಾಪುಲ್ಟೆಪೆಕ್‌ನಲ್ಲಿ ತೋಳಿಗೂ ಏಟು. ವಾಪಸ್ ಬಂದಾಗ ಇಲಿನಾಯ್‌ನಲ್ಲಿ ದೇವ್ರು. 1849ರಲ್ಲಿ ಹಾಲಿ ಸೆನೆಟರ್ ಸಿಡ್ನಿ ಬ್ರೀಸ್‌ನ ಪಕ್ಕಕ್ಕೆ ತಳ್ಳಿ ಸೀಟು ಹಿಡ್ದ. ಆಗ ಒಂದು ಜೋಕ್ ಓಡಾಡ್ತಿತ್ತು, ಎಂಥ ಗುಂಡಪ್ಪಾ ಅದು, ಶೀಲ್ಡ್ಸ್ ಮೈಯೊಳಗಿಂದ ತೂರ್ಕೊಂಡು ಹೋಗಿ ಅವ್ನಿಗೆ ಏನೂ ಮಾಡ್ದೆ ಸಾವಿರ ಮೈಲಿ ಆಚೆ ಕೂತಿದ್ದ ಬ್ರೀಸ್‌ನ ಕೊಂದುಹಾಕ್ತು ಅಂತ.

ಈಗ ತರ್ಲೆ. ಸೆನೆಟರ್ ಆಗೋಕೆ ಅಮೆರಿಕದ ಪೌರ ಆಗಿ 9 ವರ್ಷ ಆಗಿರ್ಬೇಕು ಅಂತ ಸಂವಿಧಾನ. ಶೀಲ್ಡ್ಸ್ ಪೌರತ್ವ ತಗೊಂಡಿದ್ದು 1840ರ ಅಕ್ಟೋಬರ್ 21. ಸೆನೆಟ್ಟಿಗೆ ಬಂದಿದ್ದು 1849ರ ಮಾರ್ಚ್. ಏಳು ತಿಂಗಳು ಕಮ್ಮಿ! ಜಡ್ಜ್ ಆಗಿದ್ದವ್ನು ಮಾರ್ರೆ, ಇಷ್ಟು ಲೆಕ್ಕ ಹಾಕ್ಕೊಳ್ಳಕ್ಕಾಗ್ಲಿಲ್ವಾ? ಈ ತಕರಾರು ಎತ್ತಿಸಿದ್ದು ಬ್ರೀಸ್ ಕಡೆಯವ್ರೇ ಅಂತ ಶೀಲ್ಡ್ಸ್‌ಗೆ ಅನುಮಾನ ಬಂದು ಬ್ರೀಸ್‌ಗೆ ಬೆದರಿಕೆ ಧಾಟೀಲಿ ಒಂದು ಪತ್ರ ಬೇರೆ ಬರ್ದ, ಬ್ರೀಸ್ ಅದನ್ನ ಜೋಪಾನವಾಗಿ ಪೇಪರ್‌ನಲ್ಲಿ ಹಾಕಿಸ್ದ. ಹಳೇ ಚಾಳಿ ನೋಡಿ, ಪತ್ರದಿಂದ ಪೆಟ್ಟು ತಿಂದವ್ನು ಪತ್ರ ಬರೆದೇ ಮತ್ತೆ ಸಿಕ್ಕಾಕ್ಕೊಂಡ.

ಸೆನೆಟ್ ಅವ್ನ ಆಯ್ಕೆನೇ ಅಸಿಂಧು ಅಂತು. ಇದಕ್ಕೂ ಮುಂಚೆ ಆಲ್ಬರ್ಟ್ ಗ್ಯಾಲಟಿನ್ ಅಂತ ಸ್ವಿಟ್ಜರ್ಲೆಂಡಿಂದ ಬಂದವ್ನನ್ನೂ ಇದೇ 9 ವರ್ಷದ ಕಾರಣಕ್ಕೆ 1794ರಲ್ಲಿ ಹೊರಗೆ ಹಾಕಿದ್ರು, ಅಂದ್ರೆ ಪೂರ್ವನಿದರ್ಶನ ಇತ್ತು. ಆದ್ರೆ ಶೀಲ್ಡ್ಸ್ ಅದೃಷ್ಟವಂತ, ಇಲಿನಾಯ್ ಶಾಸಕರು ಅಕ್ಟೋಬರ್‌ನಲ್ಲಿ ವಿಶೇಷ ಅಧಿವೇಶನ ಸೇರೋ ಹೊತ್ತಿಗೆ 9 ವರ್ಷ ತುಂಬಿತ್ತು, ಅದೇ ಮನುಷ್ಯನನ್ನ ಅದೇ ಸೀಟಿಗೆ ಮತ್ತೆ ಆರಿಸ್ಕೊಂಡ್ರು. ಅವ್ನ ಅವಧಿ ದಾಖಲೇಲಿ ಶುರುವಾಗೋದು 1849ರ ಅಕ್ಟೋಬರ್ 27ರಿಂದ, ಅಂದ್ರೆ ಅರ್ಹತೆ ಬಂದು ಆರೇ ದಿನಕ್ಕೆ.

ಪ್ರಶ್ನೆಪೆಟ್ಟಿಗೆ

ಅಯ್ಯೋ ಎಂಥ ಕಥೆ ಇದು, ಇಬ್ರಿಗೂ ದೊಡ್ಡ ಥ್ಯಾಂಕ್ಸ್. ಆ ಹಲಗೆ ವಿಷ್ಯ ಓದಿ ಆಫೀಸಲ್ಲಿ ಜೋರಾಗಿ ನಕ್ಕುಬಿಟ್ಟೆ. ಆದ್ರೆ ಇಲಿನಾಯ್‌ನಲ್ಲಿ ಅಷ್ಟು ಮೆರೆದವ್ನು ಮಿನ್ನೆಸೋಟಾಗೆ ಯಾಕೆ ಹೋದ? ಅಲ್ಲಿ ಸಿಕ್ಕಾಪಟ್ಟೆ ಚಳಿ ಬೇರೆ.

ಚಳಿಗಾಲ

ಚಳಿ ಬಗ್ಗೆ ನನ್ನ ಕೇಳಿ, ಆರು ವರ್ಷ ಅಲ್ಲೇ ಇದ್ದೆ 😄

ಇಲಿನಾಯ್ ಬಿಟ್ಟಿದ್ದು ಸೋತಿದ್ದಕ್ಕೆ. 1854ರಲ್ಲಿ ಡಗ್ಲಸ್ ತಂದ ಕ್ಯಾನ್ಸಸ್ ನೆಬ್ರಾಸ್ಕಾ ಕಾಯ್ದೆ ಇತ್ತಲ್ಲ, ಹೊಸ ಪ್ರದೇಶಗಳಲ್ಲಿ ಗುಲಾಮಗಿರಿ ಬೇಕೋ ಬೇಡ್ವೋ ಅಂತ ಅಲ್ಲಿನವ್ರೇ ತೀರ್ಮಾನಿಸ್ಲಿ ಅನ್ನೋದು, ಶೀಲ್ಡ್ಸ್ ಅದಕ್ಕೆ ಕೈ ಎತ್ತಿದ್ದ. ಜನ ರೊಚ್ಚಿಗೆದ್ರು. 1855ರ ಫೆಬ್ರವರೀಲಿ ಅವ್ನ ಸೀಟಿಗೆ ಮತ್ತೆ ಆಯ್ಕೆ ನಡೆದಾಗ ಎದುರಿಗೆ ನಿಂತಿದ್ದು ಯಾರು ಹೇಳಿ? ಅದೇ ಲಿಂಕನ್! ಮೊದಲ ಸುತ್ತಲ್ಲಿ ಲಿಂಕನ್‌ಗೆ 44, ಶೀಲ್ಡ್ಸ್‌ಗೆ 41, ಲೈಮನ್ ಟ್ರಂಬುಲ್ ಅನ್ನೋನಿಗೆ ಬರೀ 5. ಸುತ್ತಿನ ಮೇಲೆ ಸುತ್ತು ಆಗಿ, ಡೆಮಾಕ್ರಾಟರು ಶೀಲ್ಡ್ಸ್‌ನ ಕೈಬಿಟ್ಟು ಗವರ್ನರ್ ಮ್ಯಾಟಸನ್‌ನ ಹಿಡ್ಕೊಂಡ್ರು, ಅವ್ನು ಗೆದ್ದೇಬಿಡ್ತಾನೆ ಅಂತ ಕಂಡಾಗ ಲಿಂಕನ್ ತನ್ನ ವೋಟೆಲ್ಲ ಟ್ರಂಬುಲ್‌ಗೆ ಹಾಕ್ಸಿದ. 5 ವೋಟಿನವ್ನು ಸೆನೆಟರ್ ಆದ, 44ರವ್ನೂ 41ರವ್ನೂ ಮನೆಗೆ. ಕತ್ತೀಲಿ ಆಗದ್ದು ಇಲ್ಲಿ ಆಯ್ತು, ಇಬ್ರೂ ಒಟ್ಟಿಗೆ ನೆಲಕ್ಕೆ ಬಿದ್ರು.

ಆಮೇಲೆ ಮಿನ್ನೆಸೋಟಾ. ಆಗ ಅದಿನ್ನೂ ರಾಜ್ಯ ಆಗಿರ್ಲಿಲ್ಲ, ಭೂಮಿ ಸಿಗ್ತಿತ್ತು. ಶೀಲ್ಡ್ಸ್ ಅಲ್ಲಿ ರೈಸ್ ಕೌಂಟೀಲಿ ಐರಿಶ್ ಜನರನ್ನ ಕರೆಸಿ ಊರು ಕಟ್ಟಿಸ್ದ. ಬರಗಾಲದಲ್ಲಿ ಐರ್ಲೆಂಡ್ ಬಿಟ್ಟು ಬಂದು ಪೂರ್ವದ ಪಟ್ಟಣಗಳಲ್ಲಿ ಕೂಲಿ ಮಾಡ್ಕೊಂಡಿದ್ದ ಕ್ಯಾಥೊಲಿಕ್ ಜನಕ್ಕೆ ಸ್ವಂತ ಹೊಲ ಅಂದ್ರೆ ಏನು ಅಂತ ಊಹಿಸಿ. ಊರಿನ ಹೆಸರು ಶೀಲ್ಡ್ಸ್‌ವಿಲ್. ನಾನೊಂದ್ಸಲ ಫ್ಯಾರಿಬೋಗೆ ಹೋಗಿದ್ದಾಗ ದಾರಿ ತಪ್ಪಿ ಆ ಊರು ದಾಟಿದ್ದೆ, ಕೆರೆ, ಮೆಕ್ಕೆಜೋಳದ ಹೊಲ, ಸೇಂಟ್ ಪ್ಯಾಟ್ರಿಕ್ ಚರ್ಚು, ಅಷ್ಟೇ, ಕಣ್ಣು ಮಿಟುಕಿಸೋದ್ರಲ್ಲಿ ಮುಗಿದೋಗುತ್ತೆ. ಈ ಶೀಲ್ಡ್ಸ್ ಯಾರಪ್ಪಾ ಅಂತ ಆಗ ತಲೆ ಕೆಡಿಸ್ಕೊಂಡಿರ್ಲಿಲ್ಲ, ಇವತ್ತು ಗೊತ್ತಾಯ್ತು ನೋಡಿ.

1858ರ ಮೇ 11ಕ್ಕೆ ಮಿನ್ನೆಸೋಟಾ ರಾಜ್ಯ ಆಯ್ತು, ಮೊದಲ ಇಬ್ರು ಸೆನೆಟರ್‌ಗಳಲ್ಲಿ ಶೀಲ್ಡ್ಸ್ ಒಬ್ಬ. ಹೊಸ ರಾಜ್ಯದಿಂದ ಬಂದವ್ರಿಗೆ ಯಾರದ್ದು ಎಷ್ಟು ಅವಧಿ ಅಂತ ಚೀಟಿ ಎತ್ತಿ ನಿರ್ಧಾರ ಮಾಡ್ತಾರೆ. ಇನ್ನೊಬ್ಬ ಸೆನೆಟರ್ ಹೆನ್ರಿ ರೈಸ್‌ಗೆ 1863ರ ತನಕದ ಚೀಟಿ ಬಂತು, ಶೀಲ್ಡ್ಸ್‌ಗೆ 1859ರ ಮಾರ್ಚ್ 3ರ ತನಕದ್ದು. ಹತ್ತು ತಿಂಗಳೂ ಇಲ್ಲ! ಅಷ್ಟ್ರಲ್ಲಿ ಅಲ್ಲೂ ರಿಪಬ್ಲಿಕನ್ನರ ಗಾಳಿ ಬೀಸಿ ಸೀಟು ಹೋಯ್ತು. ಅಲ್ಲಿಂದ ಕ್ಯಾಲಿಫೋರ್ನಿಯಾ ಕಡೆ ನಡೆದ.

ಎದುರುವಾದ

ಎಲ್ರೂ ಹೀರೋ ಮಾಡ್ತಿದ್ದೀರಾ, ಸ್ವಲ್ಪ ನಿಲ್ಲಿ. ನನ್ನ ಕಣ್ಣಿಗೆ ಇವ್ನು ಸೀಟು ಎಲ್ಲಿ ಖಾಲಿ ಇದ್ಯೋ ಅಲ್ಲಿಗೆ ಗಂಟುಮೂಟೆ ಕಟ್ಟೋ ಗಿರಾಕಿ. ಕ್ಯಾನ್ಸಸ್ ನೆಬ್ರಾಸ್ಕಾಗೆ ವೋಟು ಹಾಕಿದ್ದನ್ನ ಒಂದು ಸಾಲಲ್ಲಿ ಹಾರಿಸಿಬಿಟ್ರಿ, ಆ ಕಾಯ್ದೆಯಿಂದ ಕ್ಯಾನ್ಸಸ್‌ನಲ್ಲಿ ರಕ್ತ ಹರೀತು. ತಾನು ಅನ್ಯಾಯದಿಂದ ತಪ್ಪಿಸ್ಕೊಂಡು ಬಂದ ನಾಡಿನವ್ನು, ಇನ್ನೊಬ್ರ ಸಂಕೋಲೆ ವಿಷ್ಯ ಬಂದಾಗ ಡಗ್ಲಸ್ ಹಿಂದೆ ನಿಂತ. ಅದು ಬರೀ ಇವ್ನ ತಪ್ಪಲ್ಲ, ಡೆಮಾಕ್ರಾಟರ ಜೊತೆಗಿದ್ದ ಎಷ್ಟೋ ಐರಿಶ್ ನಾಯಕರದ್ದೂ ಅದೇ ಹಾದಿ, ಆದ್ರೂ ಲೆಕ್ಕಕ್ಕೆ ಬರಲೇಬೇಕು.

ಇನ್ನು ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ಅಂತರ್ಯುದ್ಧ. ದಕ್ಷಿಣದವ್ರ ಹೆಸರಾಂತ ಸೇನಾನಿ ಸ್ಟೋನ್‌ವಾಲ್ ಜಾಕ್ಸನ್‌ನ ಸೋಲಿಸಿದ ಜನರಲ್ ಅಂತ ಇವ್ನಿಗೆ ಹೆಸರು, 1862ರ ಮಾರ್ಚ್ 23ರ ಕರ್ನ್ಸ್‌ಟೌನ್ ಕದನ. ನಿಜ ಏನಪ್ಪಾ ಅಂದ್ರೆ ಹಿಂದಿನ ದಿನವೇ ಶೆಲ್ ಚೂರು ತಗುಲಿ ತೋಳು ಮುರ್ಕೊಂಡು ಇವ್ನು ಹಾಸಿಗೆ ಹಿಡಿದಿದ್ದ, ಮೈದಾನದಲ್ಲಿ ನಿಂತು ನಡೆಸಿದವ್ನು ನೇಥನ್ ಕಿಂಬಾಲ್. ಜೂನ್ 9ಕ್ಕೆ ಪೋರ್ಟ್ ರಿಪಬ್ಲಿಕ್‌ನಲ್ಲಿ ಅದೇ ಜಾಕ್ಸನ್ ಬಂದು ಶೀಲ್ಡ್ಸ್ ಡಿವಿಷನ್‌ಗೆ ಚೆನ್ನಾಗಿ ಬಾರಿಸ್ದ. 1863ರ ಮಾರ್ಚಲ್ಲಿ ರಾಜೀನಾಮೆ. ಗೆದ್ದಿದ್ದು ಇವ್ನ ಹೆಸರಿಗೆ, ಸೋತಿದ್ದು ಯಾರ ಬಾಯಲ್ಲೂ ಇಲ್ಲ.

ಹಳೇಪೇಪರ್

ಎದುರುವಾದ ಅವ್ರೆ, ಗುಲಾಮಗಿರಿ ವೋಟಿನ ಮಾತು ಒಪ್ಪಿದೆ, ಅದಕ್ಕೆ ಸಬೂಬು ಇಲ್ಲ. ಕಿಂಬಾಲ್ ವಿಷ್ಯನೂ ಸರಿ. ಆದ್ರೆ ಸೀಟಿಗೋಸ್ಕರ ಗಂಟುಮೂಟೆ ಅನ್ನೋದು ನಂಗೆ ಹಿಡಿಸ್ಲಿಲ್ಲ. ಮಿನ್ನೆಸೋಟಾಗೆ ಹೋದಾಗ ಅಲ್ಲಿ ಸೆನೆಟ್ ಸೀಟೇ ಇರ್ಲಿಲ್ಲ, ರಾಜ್ಯ ಆಗಿದ್ದೇ ಮೂರು ವರ್ಷ ಬಿಟ್ಟು. ಒರೆಗಾನ್ ಪ್ರದೇಶದ ಗವರ್ನರ್ ಹುದ್ದೆ ಕೈಗೆ ಬಂದಾಗ ಬೇಡ ಅಂದವ್ನು ಇವ್ನು. (ಅದೇ ಹುದ್ದೆ ಮುಂದಿನ ವರ್ಷ ಲಿಂಕನ್‌ಗೂ ಬಂತು, ಅವ್ನೂ ಬೇಡ ಅಂದ. ಇವ್ರಿಬ್ರ ಹಣೆಬರಹಾನ ಒಂದೇ ಕೈ ಬರೆದಂಗಿದೆ.)

ಮತ್ತೆ ನಂಗೆ ದೊಡ್ಡದು ಅನ್ಸೋದು ಇದು: ಅಂತರ್ಯುದ್ಧ ಶುರುವಾದಾಗ ಶೀಲ್ಡ್ಸ್ ಪಶ್ಚಿಮದಲ್ಲಿದ್ದ, ವಯಸ್ಸು 55, ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಮದ್ವೆ ಆಗಿದ್ದೂ ಅದೇ ವರ್ಷ, ಶ್ವಾಸಕೋಶದಲ್ಲಿ ಹಳೇ ಗಾಯ. 1861ರ ಆಗಸ್ಟಲ್ಲಿ ಇವ್ನನ್ನ ಬ್ರಿಗೇಡಿಯರ್ ಜನರಲ್ ಮಾಡಿದ್ದು ಯಾರು? ಅಧ್ಯಕ್ಷ ಲಿಂಕನ್. ತನ್ನನ್ನ ಕತ್ತೀಲಿ ಕಡಿಯೋಕೆ ಬಂದವ್ನ ಕೈಗೆ ಸೈನ್ಯ ಕೊಟ್ಟ. ರಾಜಕೀಯ ಲೆಕ್ಕ ಇತ್ತು, ಐರಿಶ್ ಜನ, ಡೆಮಾಕ್ರಾಟರು ಜೊತೆಗೆ ಬರ್ಬೇಕಿತ್ತು, ಅದೆಲ್ಲ ಇದ್ದೇ ಇದೆ. ಆದ್ರೂ ಆ ಕಾಗದಕ್ಕೆ ಸಹಿ ಹಾಕೋವಾಗ ಲಿಂಕನ್‌ಗೆ ಆ ಹತ್ತಡಿ ಹಲಗೆ ನೆನಪಾಗಿರ್ಲಿಲ್ಲ ಅಂದ್ರೆ ನಾನು ನಂಬಲ್ಲ.

ಮೂರನೇ ರಾಜ್ಯ ಯಾರೂ ಹೇಳ್ಲಿಲ್ಲ. 1866ರಲ್ಲಿ ಮಿಸ್ಸೌರಿಯ ಕ್ಯಾರಲ್‌ಟನ್‌ಗೆ ಬಂದು ಹೊಲ ಮಾಡ್ಕೊಂಡ. ಲೂಯಿಸ್ ಬೋಗಿ ಅನ್ನೋ ಸೆನೆಟರ್ ತೀರ್ಕೊಂಡು ಆ ಸೀಟಿನ ಅವಧಿ ಚೂರೇ ಚೂರು ಉಳಿದಿತ್ತು, ಅದನ್ನ ಈ ಮುದುಕನಿಗೆ ಗೌರವ ಅಂತ ಕೊಟ್ರು. 1879ರ ಜನವರಿ 27ರಿಂದ ಮಾರ್ಚ್ 3ರ ತನಕ. ಐದು ವಾರ. ನಿಮ್ಮ ಕ್ವಿಜ್ ಉತ್ತರ ನಿಂತಿರೋದೇ ಆ ಐದು ವಾರದ ಮೇಲೆ ನೋಡಿ, ಅದಿಲ್ದಿದ್ರೆ ಎರಡೇ ರಾಜ್ಯ. ಮೂರು ತಿಂಗಳಿಗೆ, ಜೂನ್ 1ಕ್ಕೆ, ಭಾಷಣ ಮಾಡ್ಕೊಂಡು ಊರೂರು ತಿರುಗ್ತಿದ್ದಾಗ ಅಯೋವಾದ ಒಟಮ್ವಾದಲ್ಲಿ ಸತ್ತ.

ನಿಯಮಪಾಲಕ

ಇನ್ನೊಂದು ಸೇರಿಸ್ಬಿಡ್ತೀನಿ. ವಾಷಿಂಗ್ಟನ್‌ನ ಕ್ಯಾಪಿಟಲ್ ಕಟ್ಟಡದಲ್ಲಿ ಪ್ರತಿ ರಾಜ್ಯಕ್ಕೂ ಎರಡು ಪ್ರತಿಮೆ ಕೊಡೋ ಅವಕಾಶ ಇದೆ. ಇಲಿನಾಯ್‌ನವ್ರು 1893ರಲ್ಲಿ ಮೊದಲು ಕೊಟ್ಟಿದ್ದು ಲಿಂಕನ್‌ದಲ್ಲ, ಶೀಲ್ಡ್ಸ್‌ದು! ಎರಡನೇದೂ ಲಿಂಕನ್ ಅಲ್ಲ, ಮದ್ಯಪಾನದ ವಿರುದ್ಧ ಹೋರಾಡಿದ ಫ್ರಾನ್ಸಿಸ್ ವಿಲ್ಲರ್ಡ್ ಅನ್ನೋ ಮಹಿಳೆದು. ಇನ್ನೂ ಕೇಳಿ, ಶೀಲ್ಡ್ಸ್ ಪ್ರತಿಮೆ ಮಾಡಿದ ಶಿಲ್ಪಿ ಲೆನಾರ್ಡ್ ವೋಕ್, 1860ರಲ್ಲಿ ಲಿಂಕನ್ ಮುಖಕ್ಕೆ ಪ್ಲಾಸ್ಟರ್ ಹಚ್ಚಿ ಅಚ್ಚು ತೆಗೆದವ್ನು. ಕೈಗಳ ಅಚ್ಚೂ ತೆಗೆದಿದ್ದ, ಆ ಉದ್ದ ಕೈಗಳದ್ದು.

ಪ್ರಶ್ನೆಪೆಟ್ಟಿಗೆ

ಆ ಕೈಗಳ ಅಚ್ಚಿನ ಫೋಟೋ ಈಗಷ್ಟೇ ಹುಡುಕಿ ನೋಡಿದೆ. ಶೀಲ್ಡ್ಸ್ ರಾಜಿಗೆ ಒಪ್ಪಿದ್ದೇ ಸರಿ ಬಿಡಿ 😂 ಮುಂದಿನ ವಾರದ ಕ್ವಿಜ್‌ಗೆ ಪ್ರಶ್ನೆ ಹಾಕೋ ಸರದಿ ನಂದು, ಆ 9 ವರ್ಷದ ಲೆಕ್ಕಾನೇ ಕೇಳ್ತೀನಿ, ನೋಡೋಣ ಯಾರಿಗೆ ಬರುತ್ತೆ.